ಗುಜರಿಯಲ್ಲಿ ಸಿಕ್ಕ ರೆಸಿಸ್ಟೆನ್ಸ್ ಬಾಕ್ಸ್: ನಿಖರ ಅನಲಾಗ್ ಬಿಡಿಭಾಗಗಳ ಚರಿತ್ರೆಯ ಬಗ್ಗೆ ಒಂದು ಚರ್ಚೆ

ಕುಕ್ಕರಹಳ್ಳಿದಂಡೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಹೋದ ವಾರ ಮಂಡಿ ಮೊಹಲ್ಲಾದ ಗುಜರಿ ಅಂಗಡಿಯೊಂದರಲ್ಲಿ, ಹಿತ್ತಾಳೆಯ ದರಕ್ಕೆ ತೂಗಿ ಮಾರಲು ಒಟ್ಟಿದ್ದ ರಾಶಿಯ ನಡುವೆ, ಒಂದು ಹಳೆಯ ರೆಸಿಸ್ಟೆನ್ಸ್ ಬಾಕ್ಸ್, ಅಂದರೆ ಸರ್ಕ್ಯೂಟಿಗೆ ಬೇಕಾದಷ್ಟು ರೋಧವನ್ನು (ವಿದ್ಯುತ್ತಿನ ಹರಿವಿಗೆ ಇರುವ ತಡೆ) ಆರಿಸಿ ಸೇರಿಸುವ ಪೆಟ್ಟಿಗೆ, ಕಣ್ಣಿಗೆ ಬಿತ್ತು. ಯಾವುದೋ ಕಾಲೇಜಿನ ಭೌತಶಾಸ್ತ್ರ ವಿಭಾಗದಿಂದ ವಿಲೇವಾರಿಯಾಗಿ ಬಂದದ್ದಿರಬೇಕು. ತೇಗದ ಪೆಟ್ಟಿಗೆ, ಅದರ ಮೇಲೆ ಕರಿಯ ಎಬೊನೈಟ್ ಹಲಗೆ, ಹಲಗೆಯ ಮೇಲೆ ಸಾಲಾಗಿ ಕೂರಿಸಿದ ಹಿತ್ತಾಳೆಯ ಗಟ್ಟಿಗಳು, ಗಟ್ಟಿಗಳ ನಡುವಿನ ಕುಳಿಯಲ್ಲಿ ಬಿಗಿಯಾಗಿ ಕೂರುವ ಬಿರಡೆಗಳು. ಬಿರಡೆ ತೆಗೆದರೆ ಅದರ ಕೆಳಗಿನ ಸುರುಳಿ ಸರ್ಕ್ಯೂಟಿಗೆ ಸೇರುತ್ತದೆ, ಹಾಕಿದರೆ ಹೊರಗುಳಿಯುತ್ತದೆ. 1 ಓಮ್‌ನಿಂದ 5000 ಓಮ್‌ವರೆಗೆ ಹದಿನಾರು ಸುರುಳಿಗಳಿವೆ; ಓಮ್ ಎಂದರೆ ರೋಧವನ್ನು ಅಳೆಯುವ ಮಾನ. ಬಿರಡೆಗಳು ಮಾತ್ರ ಹದಿನಾಲ್ಕೇ ಉಳಿದಿವೆ.

ಮನೆಗೆ ತಂದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ನಮ್ಮ ಮಹಡಿಯ ಮೇಲಿನ ಶೀಟಿನ ಕೋಣೆ ಬೆಳಿಗ್ಗೆ ಆರಕ್ಕೆ 22 ಡಿಗ್ರಿ ಇದ್ದರೆ ಮಧ್ಯಾಹ್ನ ಎರಡಕ್ಕೆ 33 ಡಿಗ್ರಿ ಮುಟ್ಟುತ್ತದೆ. 1000 ಓಮ್ ಸುರುಳಿಯನ್ನು ಎರಡೂ ಹೊತ್ತಿನಲ್ಲಿ ಅಳೆದಾಗ ಮೀಟರಿನ ಕೊನೆಯ ಅಂಕಿ, ಅಂದರೆ 0.1 ಓಮ್, ಒಮ್ಮೆ ಅಲುಗಿತೇ ಹೊರತು ಮತ್ತೇನೂ ಬದಲಾಗಲಿಲ್ಲ. ಹೋಲಿಕೆಗೆಂದು ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ತಾಮ್ರದ ತಂತಿಯ ಸುರುಳಿಯೊಂದನ್ನು ಪಕ್ಕದಲ್ಲಿಟ್ಟಿದ್ದೆ. ಬೆಳಿಗ್ಗೆ 50.0 ಓಮ್ ಇದ್ದ ಅದು ಮಧ್ಯಾಹ್ನ 52.1 ತೋರಿಸಿತು.

ಐಸಿ, ಲೇಸರ್, ಕಂಪ್ಯೂಟರ್ ಯಾವುದೂ ಇಲ್ಲದ ಕಾಲದಲ್ಲಿ ಇಷ್ಟು ಕದಲದ ವಸ್ತುವನ್ನು ಹೇಗೆ ಮಾಡಿದರು? ಅಲ್ಲಿಂದ ಇಂದಿನ ನಿಖರ ಬಿಡಿಭಾಗಗಳವರೆಗಿನ ದಾರಿಯನ್ನು ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ಹಳೇಪ್ರಯೋಗಾಲಯ (ಶ್ರೀರಂಗಪಟ್ಟಣ)

ನಿಮ್ಮ ಅಳತೆಯನ್ನು ಓದಿ ನನಗೆ ಬಹಳ ಸಂತೋಷವಾಯಿತು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಪೆಟ್ಟಿಗೆಯ ಪಕ್ಕದಲ್ಲಿ ತಾಮ್ರದ ಸುರುಳಿಯನ್ನಿಟ್ಟು ಹೋಲಿಸಿ ನೋಡುವ ಬುದ್ಧಿ ಬಹಳ ವಿದ್ಯಾರ್ಥಿಗಳಿಗೆ ತಾನಾಗಿ ಬರುವುದಿಲ್ಲ.

ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡ 0.39ರಷ್ಟು ಏರುತ್ತದೆ. ಹನ್ನೊಂದು ಡಿಗ್ರಿಗೆ ಶೇಕಡ ನಾಲ್ಕಕ್ಕೂ ಸ್ವಲ್ಪ ಮೇಲೆ. ನಿಮಗೆ ಸಿಕ್ಕಿದ್ದೂ ಅಷ್ಟೇ. ಹತ್ತೊಂಬತ್ತನೆಯ ಶತಮಾನದ ಟೆಲಿಗ್ರಾಫ್ ಎಂಜಿನಿಯರುಗಳಿಗೆ ಇದೇ ದೊಡ್ಡ ತಲೆನೋವಾಗಿತ್ತು. ಸಮುದ್ರದ ತಳದಲ್ಲಿ ಕೇಬಲ್ ಎಲ್ಲಿ ಕೆಟ್ಟಿದೆ ಎಂಬುದನ್ನು ದಡದಲ್ಲಿ ಕುಳಿತು ರೋಧವನ್ನು ಅಳೆದೇ ಕಂಡುಹಿಡಿಯಬೇಕಿತ್ತು, ಅಳೆಯುವ ಪೆಟ್ಟಿಗೆಯೇ ಬಿಸಿಲಿಗೆ ಬದಲಾದರೆ ಹಡಗು ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಗೊತ್ತಿರುವ ರೋಧಗಳೊಂದಿಗೆ ಹೋಲಿಸಿ ಗೊತ್ತಿಲ್ಲದ ರೋಧವನ್ನು ಅಳೆಯುವ, ಸೇತುವೆ ಎಂದು ಕರೆಯುವ ಸರ್ಕ್ಯೂಟನ್ನು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ 1833ರಲ್ಲೇ ವಿವರಿಸಿದ್ದರು, 1843ರಲ್ಲಿ ವೀಟ್‌ಸ್ಟನ್ ಅದನ್ನು ಎಲ್ಲರ ಕೈಗೆ ತಂದರು. ವಿಧಾನವಿತ್ತು, ಅದರೊಳಗೆ ಇಡಲು ಕದಲದ ವಸ್ತುವಿರಲಿಲ್ಲ. ಆದ್ದರಿಂದಲೇ ಸೀಮೆನ್ಸ್ 1860ರಲ್ಲಿ ಪಾದರಸದ ಕಂಬವನ್ನು ಮಾನಕವಾಗಿ ಸೂಚಿಸಿದರು, 1893ರ ಶಿಕಾಗೋ ಸಮ್ಮೇಳನವೂ ಓಮ್ ಎಂದರೆ ಮಂಜುಗಡ್ಡೆ ಕರಗುವ ತಾಪದಲ್ಲಿ 106.3 ಸೆಂಟಿಮೀಟರ್ ಉದ್ದದ, 14.4521 ಗ್ರಾಂ ತೂಕದ ಪಾದರಸದ ಕಂಬ ಎಂದು ಗೊತ್ತುಮಾಡಿತು. ಪಾದರಸವನ್ನು ಎಲ್ಲಿ ಬೇಕಾದರೂ ಶುದ್ಧೀಕರಿಸಿ ಅದೇ ಕಂಬವನ್ನು ಮತ್ತೆ ಕಟ್ಟಬಹುದು ಎಂಬುದು ಅದರ ಗುಣ. ಆದರೆ ಅದನ್ನು ಹೊತ್ತುಕೊಂಡು ತಿರುಗಲಾಗದು.

ನಿಮ್ಮ ಪೆಟ್ಟಿಗೆಯೊಳಗಿರುವುದು ಬಹುತೇಕ ಮ್ಯಾಂಗನಿನ್ ತಂತಿ. ಸುಮಾರು 84 ಭಾಗ ತಾಮ್ರ, 12 ಭಾಗ ಮ್ಯಾಂಗನೀಸ್, 4 ಭಾಗ ನಿಕ್ಕಲ್ ಸೇರಿದ ಈ ಮಿಶ್ರಲೋಹವನ್ನು ಎಡ್ವರ್ಡ್ ವೆಸ್ಟನ್ 1892ರಲ್ಲಿ ರೂಪಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟಿ 1870ರಲ್ಲಿ ಅಮೆರಿಕಕ್ಕೆ ಹೋದ ವೆಸ್ಟನ್ ಮೊದಲು ಲೋಹಲೇಪನದ ಉದ್ಯಮದಲ್ಲಿದ್ದವರು, ಲೋಹಗಳ ಬೆರಕೆ ಅವರಿಗೆ ಕೈಯಾಡಿಸಿ ತಿಳಿದ ವಿದ್ಯೆ. ಬಿಸಿಯಾದಂತೆ ಲೋಹದ ರೋಧ ಏರಲೇಬೇಕು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಮೊದಲು 1887ರಲ್ಲಿ ಕಾನ್‌ಸ್ಟಂಟನ್, ಆಮೇಲೆ ಮ್ಯಾಂಗನಿನ್ ಮಾಡಿ ಆ ನಂಬಿಕೆಯನ್ನು ಅಲ್ಲಗಳೆದರು. ಕಾನ್‌ಸ್ಟಂಟನ್ನಿನ ತೊಡಕೆಂದರೆ, ತಾಮ್ರದ ಜೊತೆ ಅದು ಕೂಡುವಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 40 ಮೈಕ್ರೋವೋಲ್ಟ್ ಹುಟ್ಟುತ್ತದೆ. ಮ್ಯಾಂಗನಿನ್‌ನಲ್ಲಿ ಈ ಉಪದ್ರವ ಬಹಳ ಕಡಿಮೆ. ಅದರ ರೋಧವೂ ತಾಪದೊಂದಿಗೆ ಬದಲಾಗದೆ ಇರುವುದಿಲ್ಲ. ಏರಿ, ಕೋಣೆಯ ತಾಪದ ಆಸುಪಾಸಿನಲ್ಲಿ ಶಿಖರ ಮುಟ್ಟಿ, ಮತ್ತೆ ಇಳಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ನಾಲ್ಕು ಹೆಜ್ಜೆ ಆಚೀಚೆ ನಡೆದರೆ ಎತ್ತರ ಬದಲಾಗುವುದಿಲ್ಲವಲ್ಲ, ಹಾಗೆ. ನಿಮ್ಮ ಕೋಣೆ ಆ ನೆತ್ತಿಯ ಮೇಲೆಯೇ ಇದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಸುರುಳಿಯ ಒಂದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ತಂತಿಯನ್ನು ನಡುವೆ ಮಡಚಿ, ಎರಡೆಳೆಯಾಗಿ ಸುತ್ತಿರುವುದು ಕಾಣುತ್ತದೆ. ಒಂದೆಳೆಯಲ್ಲಿ ಹೋದ ವಿದ್ಯುತ್ತು ಪಕ್ಕದ ಎಳೆಯಲ್ಲಿ ಹಿಂದಿರುಗುವುದರಿಂದ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ. ನಿಖರ ಬಿಡಿಭಾಗಗಳ ಚರಿತ್ರೆಯನ್ನೆಲ್ಲ ನಾನು ಒಂದು ಮಾತಿನಲ್ಲಿ ಹೇಳಬೇಕಾದರೆ ಹೀಗೆ ಹೇಳುತ್ತೇನೆ: ದೋಷವಿಲ್ಲದ ವಸ್ತು ಯಾರಿಗೂ ಸಿಕ್ಕಲಿಲ್ಲ, ಒಂದು ದೋಷಕ್ಕೆ ಎದುರಾಗಿ ಅಷ್ಟೇ ತೂಕದ ಇನ್ನೊಂದು ದೋಷವನ್ನು ನಿಲ್ಲಿಸುವುದನ್ನು ಜನ ಕಲಿತರು.

ಮದ್ದೂರುದಾರಿ (ಮಂಡ್ಯ)

ಮೇಷ್ಟ್ರೇ, ನಿಮ್ಮ ಕೊನೆಯ ಮಾತು ನನ್ನ ದಿನನಿತ್ಯದ ಕೆಲಸ. ನಾನು ಇಪ್ಪತ್ತು ವರ್ಷದಿಂದ ವೇಬ್ರಿಡ್ಜ್, ಅಂದರೆ ತುಂಬಿದ ಗಾಡಿಯನ್ನೇ ತೂಗುವ ಯಂತ್ರಗಳ, ರಿಪೇರಿ ಮಾಡುತ್ತಿದ್ದೇನೆ. ಕಬ್ಬು ನುರಿಯುವ ಕಾಲದಲ್ಲಿ ಜಿಲ್ಲೆಯ ಉದ್ದಗಲಕ್ಕೂ ಓಡಾಟ. ಭಾರವನ್ನು ವಿದ್ಯುತ್ ಸಿಗ್ನಲಾಗಿ ಬದಲಿಸುವ ಲೋಡ್ ಸೆಲ್ಲಿನ ಉಕ್ಕಿನ ಕಂಬಕ್ಕೆ ಅಂಟಿಸಿರುವ, ಹಿಗ್ಗು-ಕುಗ್ಗನ್ನು ಅಳೆಯುವ ಸ್ಟ್ರೇನ್ ಗೇಜಿನ ಹಾಳೆ ನೀವು ಹೇಳಿದ ಕಾನ್‌ಸ್ಟಂಟನ್ನೇ. ತಂತಿಯನ್ನು ಎಳೆದರೆ ರೋಧ ಬದಲಾಗುತ್ತದೆ ಎಂದು ಕೆಲ್ವಿನ್ 1856ರಲ್ಲೇ ತೋರಿಸಿದ್ದರೂ ಅದನ್ನು ಅಂಟಿಸಿ ಅಳೆಯುವ ಗೇಜು ಬಂದದ್ದು 1938ರಲ್ಲಿ; ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಒಬ್ಬರಿಗೊಬ್ಬರು ತಿಳಿಯದೆ ಒಂದೇ ವರ್ಷ ಅದನ್ನು ಮಾಡಿದರು. ನಾಲ್ಕು ಗೇಜುಗಳನ್ನು ಸೇತುವೆಯಾಗಿ ಜೋಡಿಸಿರುತ್ತಾರೆ. ಭಾರ ಬಿದ್ದಾಗ ಎರಡು ಹಿಗ್ಗುತ್ತವೆ, ಎರಡು ಕುಗ್ಗುತ್ತವೆ, ಬಿಸಿಲು ಬಿದ್ದಾಗ ನಾಲ್ಕೂ ಒಂದೇ ಸಮ ಬದಲಾಗುವುದರಿಂದ ಬಿಸಿಲಿನ ಪ್ರಭಾವ ತಾನಾಗಿ ಕಳೆದುಹೋಗುತ್ತದೆ.

ಸೆನೆಟ್‌ಹೌಸ್ ಹಿಂದೆ (ಮೈಸೂರು)

ಹಿರಿಯರಿಗೆ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಒಂದು ಸಂದೇಹವನ್ನು ಮರ್ಯಾದೆಯಿಂದಲೇ ಮುಂದಿಡುತ್ತೇನೆ. ಇವತ್ತು 24 ಬಿಟ್ಟಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್ಪು) ಇರುವ ತೂಕದ ಮಾಡ್ಯೂಲ್ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. 24 ಬಿಟ್ ಎಂದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳು. ಬಿಡಿಭಾಗದ ತಪ್ಪು ಎಷ್ಟಿದೆ ಎಂದು ಒಮ್ಮೆ ಅಳೆದು ಪ್ರೋಗ್ರಾಮಿನಲ್ಲಿ ಕಳೆದುಬಿಟ್ಟರೆ ಸಾಕಲ್ಲವೇ? ದುಬಾರಿ ರೆಸಿಸ್ಟರ್ (ರೋಧ ಕೊಡುವ ಬಿಡಿಭಾಗ), ವೋಲ್ಟೇಜಿಗೆ ಅಳತೆಗೋಲಾಗುವ ದುಬಾರಿ ರೆಫರೆನ್ಸ್‌ಗಳ ಕಾಲ ಮುಗಿದಿದೆ ಎಂದು ನಮ್ಮ ತರಗತಿಯಲ್ಲಿ ಬಹಳ ಜನ ಹೇಳುತ್ತಾರೆ.

ಮದ್ದೂರುದಾರಿ (ಮಂಡ್ಯ)

ಒಳ್ಳೆಯ ಪ್ರಶ್ನೆ ಕೇಳಿದಿರಿ ತಮ್ಮಾ. ನನಗೆ ಆದ ಒಂದು ಅನುಭವವನ್ನೇ ಉತ್ತರವಾಗಿ ಬರೆಯುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಬ್ಬಿನ ತೂಕದ ಕೇಂದ್ರದಲ್ಲಿ ರೈತರು ತಕರಾರು ಎತ್ತಿದರು. ಬೆಳಿಗ್ಗೆ ಇಬ್ಬನಿ ಇರುವಾಗ ತೂಗಿದ ಗಾಡಿಗಳಿಗೆ ಪ್ರತಿ ಸಲ ಎಂಬತ್ತು-ತೊಂಬತ್ತು ಕಿಲೋ ಕಡಿಮೆ ಬರುತ್ತಿದೆ ಎಂಬುದು ಅವರ ದೂರು. ಯಂತ್ರಕ್ಕೆ ಮುದ್ರೆ ಬಿದ್ದಿತ್ತು. ಮಧ್ಯಾಹ್ನ ಪರೀಕ್ಷೆಯ ತೂಕದ ಕಲ್ಲುಗಳನ್ನಿಟ್ಟು ನೋಡಿದರೆ ಎಲ್ಲವೂ ಸರಿಯಾಗಿತ್ತು. ಹೀಗಾಗಿ ರೈತರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಮೊದಲ ದಿನ ಹಾಕಿಕೊಳ್ಳಲಿಲ್ಲ, ಅದಕ್ಕೆ ಈಗಲೂ ನನ್ನ ಮನಸ್ಸಿಗೆ ನೋವಿದೆ.

ಎರಡನೇ ದಿನ ಬೆಳಿಗ್ಗೆ ಐದೂವರೆಗೇ ಹೋದೆ. ನಾಲ್ಕೂ ಸೆಲ್ಲುಗಳ ತಂತಿ ಬಂದು ಕೂಡುವ ಜಂಕ್ಷನ್ ಬಾಕ್ಸಿನ ರಬ್ಬರ್ ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು, ಒಳಗಿನ ಬೋರ್ಡಿನ ಮೇಲೆ ಧೂಳು, ಧೂಳಿನ ಮೇಲೆ ಇಬ್ಬನಿಯ ತೆಳುವಾದ ಪಸೆ. ಹತ್ತು ವೋಲ್ಟ್ ಪೂರೈಕೆಯ ತಿರುಪಿಗೂ ಸಿಗ್ನಲಿನ ತಿರುಪಿಗೂ ನಡುವೆ ಆ ಪಸೆ ಸುಮಾರು ಹತ್ತು ಮೆಗಾ ಓಮಿನ ದಾರಿ ಮಾಡಿಕೊಟ್ಟಿತ್ತು. ಹತ್ತು ಮೆಗಾ ಓಮ್ ಎಂದರೆ ಮನೆಯ ವೈರಿಂಗಿನಲ್ಲಿ ಬಹಳ ಒಳ್ಳೆಯ ಇನ್ಸುಲೇಷನ್. ಇಲ್ಲಿ ಲೆಕ್ಕ ಹಾಕಿ ನೋಡಿ. ತಲಾ ಇಪ್ಪತ್ತು ಟನ್ನಿನ ನಾಲ್ಕು ಸೆಲ್ಲುಗಳು, ಎಂಬತ್ತು ಟನ್ನಿಗೆ ಸಿಗುವುದು 20 ಮಿಲಿವೋಲ್ಟ್. ಅಂದರೆ ಹತ್ತು ಕಿಲೋಗೆ ಎರಡೂವರೆ ಮೈಕ್ರೋವೋಲ್ಟ್. ಸಿಗ್ನಲಿನ ತುದಿ ಪೂರೈಕೆಯ ಅರ್ಧಮಟ್ಟದಲ್ಲಿ ಇರುವುದರಿಂದ ಆ ಪಸೆಯಲ್ಲಿ ಸೋರುತ್ತಿದ್ದದ್ದು ಅರ್ಧ ಮೈಕ್ರೋ ಆಂಪಿಯರ್, ಸೆಲ್ಲುಗಳ ಸಿಗ್ನಲ್ ತುದಿಯ ರೋಧ ಸುಮಾರು 44 ಓಮ್, ಗುಣಿಸಿದರೆ 22 ಮೈಕ್ರೋವೋಲ್ಟ್. ಹತ್ತಿರಹತ್ತಿರ 88 ಕಿಲೋ! ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಇಬ್ಬನಿಯಲ್ಲಿ ತೂಗಿ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಬಿಸಿಲೇರಿದ ಮೇಲೆ ತೂಗುತ್ತಿದ್ದರು. ನಡುವೆ ಸೊನ್ನೆಯನ್ನು ಯಾರೂ ನೋಡುತ್ತಿರಲಿಲ್ಲ. ರೈತರ ಲೆಕ್ಕ ಸರಿಯಾಗಿತ್ತು.

ಸ್ಪಿರಿಟ್ಟಿನಲ್ಲಿ ಬೋರ್ಡ್ ತೊಳೆದು, ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ವ್ಯತ್ಯಾಸ ನಿಂತಿತು. ನಿಮ್ಮ 24 ಬಿಟ್ಟಿನ ಎಡಿಸಿ ಆ ತಪ್ಪು ತೂಕವನ್ನೂ ಒಂದು ಕೋಟಿ ಮೆಟ್ಟಿಲುಗಳಲ್ಲಿ ಬಹಳ ನಾಜೂಕಾಗಿಯೇ ತೋರಿಸುತ್ತಿತ್ತು. ಗೊತ್ತಿರುವ ತಪ್ಪನ್ನು ಪ್ರೋಗ್ರಾಮ್ ಕಳೆಯಬಲ್ಲದು. ಬೆಳಿಗ್ಗೆ ಒಂದು ರೀತಿ, ಮಧ್ಯಾಹ್ನ ಇನ್ನೊಂದು ರೀತಿ ಇರುವ ತಪ್ಪನ್ನು ಅದು ಎಲ್ಲಿಂದ ತಿಳಿಯಬೇಕು?

ಎರಡನೇಹಂತ (ಮೈಸೂರು)

ವಿಜಯನಗರದಲ್ಲಿ ವಾಸ, ಅಳತೆಯ ಉಪಕರಣಗಳ ಸರ್ಕ್ಯೂಟ್ ವಿನ್ಯಾಸ ನನ್ನ ವೃತ್ತಿ. ಮಂಡ್ಯದ ಅಣ್ಣನವರು ಬರೆದದ್ದನ್ನು ನಮ್ಮ ಕಚೇರಿಯ ಹೊಸಬರಿಗೆಲ್ಲ ಓದಿ ಹೇಳಿದೆ. ಸಣ್ಣ ಸಿಗ್ನಲನ್ನು ದೊಡ್ಡದಾಗಿಸುವ ವರ್ಧಕಗಳ ಕತೆಯನ್ನು ನಾನು ಸೇರಿಸುತ್ತೇನೆ, ಯಾಕೆಂದರೆ ಎರಡೂವರೆ ಮೈಕ್ರೋವೋಲ್ಟನ್ನು ವರ್ಧಿಸುವ ಮೊದಲು ವರ್ಧಕವೇ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ತಿಳಿದಿರಬೇಕು.

ನಿರ್ವಾತ ಕೊಳವೆಗಳ ಕಾಲದಲ್ಲಿ ವರ್ಧನೆ ಎಷ್ಟು ಎಂಬುದನ್ನು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಕೊಳವೆ ಹಳೆಯದಾದಂತೆ, ಪೂರೈಕೆಯ ವೋಲ್ಟೇಜ್ ಏರಿಳಿದಂತೆ ಅದು ಬದಲಾಗುತ್ತಿತ್ತು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟಿನ ಒಂದು ಬೆಳಿಗ್ಗೆ ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಅವರಿಗೆ ಹೊಳೆದ ಉಪಾಯವೆಂದರೆ, ಬೇಕಾದ್ದಕ್ಕಿಂತ ಬಹಳ ಹೆಚ್ಚು ವರ್ಧಿಸಿ, ಹೊರಬಂದದ್ದರ ಒಂದು ಪಾಲನ್ನು ಒಳಕ್ಕೆ ವಿರುದ್ಧವಾಗಿ ತಂದು ಕಳೆಯುವುದು. ಆಗ ಒಟ್ಟು ವರ್ಧನೆಯನ್ನು ಕೊಳವೆ ತೀರ್ಮಾನಿಸುವುದಿಲ್ಲ, ಹಿಂದಕ್ಕೆ ತರುವ ರೆಸಿಸ್ಟರುಗಳ ಅನುಪಾತ ತೀರ್ಮಾನಿಸುತ್ತದೆ. ಮೇಷ್ಟ್ರು ಹೇಳಿದ ಮ್ಯಾಂಗನಿನ್ ಪರಂಪರೆ ಇಲ್ಲಿಗೆ ಬಂದು ಸೇರುತ್ತದೆ: ಒಳ್ಳೆಯ ರೆಸಿಸ್ಟರ್ ಇಲ್ಲದೆ ಒಳ್ಳೆಯ ವರ್ಧಕವಿಲ್ಲ.

ಇದೇ ಸರ್ಕ್ಯೂಟು ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಗಳ ಗುರಿ ಲೆಕ್ಕ ಹಾಕುವ ಯಂತ್ರಗಳಲ್ಲಿ ಕೂಡುವ, ಕಳೆಯುವ ಕೆಲಸ ಮಾಡಿತು. ಜಾನ್ ರಗಜ್ಜೀನಿ 1947ರಲ್ಲಿ ಅದಕ್ಕೆ ಆಪರೇಷನಲ್ ಆಂಪ್ಲಿಫೈಯರ್ ಎಂಬ ಹೆಸರನ್ನು ಬಳಕೆಗೆ ತಂದರು. 1952ರಲ್ಲಿ ಜಾರ್ಜ್ ಫಿಲ್‌ಬ್ರಿಕ್ ಅವರ ಕಂಪನಿ ಕೆ2-ಡಬ್ಲ್ಯೂ ಎಂಬ ಆಪ್-ಆಂಪನ್ನು ಮಾರಾಟಕ್ಕೆ ತಂದಿತು; ಎರಡು ಕೊಳವೆಗಳು, ಧನ ಮತ್ತು ಋಣ 300 ವೋಲ್ಟಿನ ಪೂರೈಕೆ, ಬೇಕೆಂದಾಗ ಕಿತ್ತು ಬೇರೆಯದನ್ನು ಚುಚ್ಚಬಹುದಾದ ತಳ. ಚಿಪ್ಪಿನ ಮೇಲೆ ಅದನ್ನು ತಂದವರು ಫೇರ್‌ಚೈಲ್ಡಿನ ಬಾಬ್ ವಿಡ್ಲರ್: 1964ರಲ್ಲಿ 702, 1965ರಲ್ಲಿ 709. ನಮ್ಮೆಲ್ಲರ ಪ್ರಯೋಗಾಲಯಗಳಲ್ಲಿ ಇಂದಿಗೂ ಇರುವ 741 ಅನ್ನು 1968ರಲ್ಲಿ ಡೇವ್ ಫುಲಗಾರ್ ರೂಪಿಸಿದರು, ಅಸ್ಥಿರತೆಯನ್ನು ತಡೆಯುವ 30 ಪಿಕೊಫ್ಯಾರಡ್ ಕೆಪಾಸಿಟರನ್ನು ಚಿಪ್ಪಿನೊಳಗೇ ಇಟ್ಟದ್ದು ಅದರ ಜನಪ್ರಿಯತೆಗೆ ಕಾರಣ.

ಆದರೆ 741ರ ಸಾಮಾನ್ಯ ದರ್ಜೆಯ ಚಿಪ್ಪಿನಲ್ಲಿ, ಒಳಬರುವುದು ಸೊನ್ನೆಯಿದ್ದರೂ ಇರುವ ಸುಳ್ಳು ವೋಲ್ಟೇಜು, ಅಂದರೆ ಆಫ್‌ಸೆಟ್ 6 ಮಿಲಿವೋಲ್ಟ್‌ವರೆಗೆ ಇರಬಹುದು. ಅಣ್ಣನವರ ಲೆಕ್ಕದಲ್ಲಿ ಅದು 24 ಟನ್! ಒಳಗಿನ ಎರಡು ಟ್ರಾನ್ಸಿಸ್ಟರುಗಳು ಅವಳಿಗಳಂತೆ ಕಂಡರೂ ಒಂದೇ ಅಲ್ಲ ಎಂಬುದೇ ಇದರ ಮೂಲ. ಪ್ರಿಸಿಷನ್ ಮೊನೊಲಿಥಿಕ್ಸ್ ಕಂಪನಿಯ ಜಾರ್ಜ್ ಎರ್ಡಿ 1975ರಲ್ಲಿ ಓಪಿ-07ಕ್ಕೆ ಮಾಡಿದ ಕೆಲಸವನ್ನು ನಾನು ಎಷ್ಟು ಸಲ ವಿವರಿಸಿದರೂ ಬೇಸರವಾಗುವುದಿಲ್ಲ. ಅವರು ಚಿಪ್ಪಿನ ಮೇಲೆ ಸಣ್ಣ ಸಣ್ಣ ರೆಸಿಸ್ಟರುಗಳನ್ನೂ ಪ್ರತಿಯೊಂದಕ್ಕೆ ಅಡ್ಡಲಾಗಿ ಒಂದು ಝೀನರ್ ಡಯೋಡನ್ನೂ (ಹಿಮ್ಮುಖ ವೋಲ್ಟೇಜ್ ಒಂದು ಮಟ್ಟ ಮುಟ್ಟಿದಾಗ ವಿದ್ಯುತ್ತನ್ನು ಹರಿಯಬಿಡುವ ಬಿಡಿಭಾಗ) ಇಟ್ಟರು. ಚಿಪ್ಪು ಇನ್ನೂ ಸಿಲಿಕಾನ್ ಬಿಲ್ಲೆಯ ಮೇಲಿರುವಾಗಲೇ ಆಫ್‌ಸೆಟ್ ಅಳೆದು, ಬೇಕಾದ ಡಯೋಡಿಗೆ ಜೋರಾದ ವಿದ್ಯುತ್ತಿನ ಮಿಡಿತ ಕೊಟ್ಟರೆ ಅದು ಕರಗಿ ಶಾರ್ಟ್ ಆಗುತ್ತದೆ, ಆ ರೆಸಿಸ್ಟರ್ ಲೆಕ್ಕದಿಂದ ಹೊರಬೀಳುತ್ತದೆ. ಕುಕ್ಕರಹಳ್ಳಿಯವರೇ, ನಿಮ್ಮ ಪೆಟ್ಟಿಗೆಯ ಬಿರಡೆಯೂ ಮಾಡುವುದು ಇದನ್ನೇ ಅಲ್ಲವೇ! ಓಪಿ-07ರ ಒಳ್ಳೆಯ ದರ್ಜೆಯಲ್ಲಿ ಆಫ್‌ಸೆಟ್ 75 ಮೈಕ್ರೋವೋಲ್ಟ್ ಮೀರುವುದಿಲ್ಲ.

ಕಿವಿಮಾಪನ (ಮೈಸೂರು)

ಚರ್ಚೆಗೆ ಒಂದು ಸಣ್ಣ ಸೇರ್ಪಡೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದಾಗಿ ನಮ್ಮ ಊರಿಗೆ ಆಡಿಯೋಮೀಟರ್ ಎಂಬ ಉಪಕರಣ ಪರಿಚಿತ. ಕೇಳಿಸುವ ಪರೀಕ್ಷೆಗೆ ಕೂತವರಿಗೆ ಧ್ವನಿಯನ್ನು 5 ಡೆಸಿಬೆಲ್‌ಗಳ ಮೆಟ್ಟಿಲುಗಳಲ್ಲಿ ಇಳಿಸುತ್ತಾರೆ. ನೂರು ಡೆಸಿಬೆಲ್ ಇಳಿಸಿದರೆ ವೋಲ್ಟೇಜ್ ಒಂದು ಲಕ್ಷದಲ್ಲಿ ಒಂದು ಪಾಲಾಗುತ್ತದೆ. ಹಳೆಯ ಯಂತ್ರಗಳಲ್ಲಿ ಈ ಇಳಿಕೆಯನ್ನು ಮಾಡುತ್ತಿದ್ದದ್ದು ಏಣಿಯಂತೆ ಜೋಡಿಸಿದ ರೆಸಿಸ್ಟರುಗಳ ಸಾಲು. ಅದರ ಒಂದೇ ಒಂದು ಮೆಟ್ಟಿಲು ಸಡಿಲವಾದರೂ ಮಗುವೊಂದಕ್ಕೆ ಶ್ರವಣದೋಷವಿದೆ ಅಥವಾ ಇಲ್ಲ ಎಂಬ ತೀರ್ಮಾನವೇ ತಪ್ಪಬಹುದು. ಆದ್ದರಿಂದಲೇ ಇವುಗಳ ಕ್ಯಾಲಿಬ್ರೇಷನ್ ಅನ್ನು ತಪ್ಪದೆ ಮಾಡಬೇಕು.

ಸೆನೆಟ್‌ಹೌಸ್ ಹಿಂದೆ (ಮೈಸೂರು)

ಎಲ್ಲರ ಉತ್ತರಕ್ಕೂ ವಂದನೆಗಳು. ನನ್ನ ಪ್ರಶ್ನೆ ಎಲ್ಲಿ ತಪ್ಪಿತ್ತು ಎಂದು ಗೊತ್ತಾಯಿತು. ಇನ್ನೊಂದನ್ನು ಕೇಳಬಹುದೇ? ರೆಸಿಸ್ಟರುಗಳ ಅನುಪಾತ ವರ್ಧನೆಯನ್ನು ಕಾಯುತ್ತದೆ ಸರಿ. ಆದರೆ ವೋಲ್ಟ್ ಎಂದರೆ ಇಷ್ಟು ಎಂದು ಚಿಪ್ಪಿಗೆ ಹೇಳುವವರು ಯಾರು?

ಹಳೇಪ್ರಯೋಗಾಲಯ (ಶ್ರೀರಂಗಪಟ್ಟಣ)

ಇದಕ್ಕೂ ಮೊದಲ ಉತ್ತರ ವೆಸ್ಟನ್ ಅವರದೇ. 1893ರಲ್ಲಿ ಅವರು ಪೇಟೆಂಟ್ ಪಡೆದ ಕ್ಯಾಡ್ಮಿಯಂ ಕೋಶ 20 ಡಿಗ್ರಿಯಲ್ಲಿ 1.0183 ವೋಲ್ಟ್ ಕೊಡುತ್ತದೆ. 1911ರಿಂದ ಅದು ಜಗತ್ತಿನ ಮಾನಕವಾಯಿತು. ಎಚ್ ಅಕ್ಷರದ ಆಕಾರದ ಗಾಜಿನ ಕೊಳವೆ, ಒಂದು ಕಾಲಿನಲ್ಲಿ ಪಾದರಸ, ಇನ್ನೊಂದರಲ್ಲಿ ಕ್ಯಾಡ್ಮಿಯಂ ಬೆರೆತ ಪಾದರಸ, ಮೇಲೆ ಕ್ಯಾಡ್ಮಿಯಂ ಸಲ್ಫೇಟಿನ ಹರಳುಗಳು. ಅದನ್ನು ವಾಲಿಸಬಾರದು, ಅದರಿಂದ ವಿದ್ಯುತ್ತನ್ನು ಸೆಳೆಯಲೂಬಾರದು. ನಾವು ಪೊಟೆನ್ಷಿಯೋಮೀಟರ್ ತಂತಿಯ ಮೇಲೆ ಜಾಕಿಯನ್ನು ಸರಿಸಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವಂತೆ ಮಾಡುತ್ತಿದ್ದದ್ದು ಇದಕ್ಕಾಗಿಯೇ: ಸೊನ್ನೆಯಲ್ಲಿ ಕೋಶ ಏನನ್ನೂ ಕೊಡುವುದಿಲ್ಲ, ಆದ್ದರಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ವಿದ್ಯಾರ್ಥಿ ಅದನ್ನು ನೇರವಾಗಿ ಬಲ್ಬಿಗೆ ಜೋಡಿಸಿ ಹಾಳುಮಾಡಿದ. ಎಚ್ಚರಿಕೆಯ ಮಾತನ್ನು ಮೊದಲೇ ಹೇಳದೆ ಬಿಟ್ಟದ್ದು ನನ್ನ ತಪ್ಪು.

ಎರಡನೇಹಂತ (ಮೈಸೂರು)

ಮೇಷ್ಟ್ರು ಗಾಜಿನ ಕೋಶದಲ್ಲಿ ನಿಲ್ಲಿಸಿದ್ದಾರೆ, ಸಿಲಿಕಾನಿನ ಕತೆಯನ್ನು ನಾನು ಮುಂದುವರಿಸುತ್ತೇನೆ. ಇದರಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಝೀನರ್ ಡಯೋಡ್. ಆರು ವೋಲ್ಟಿನ ಆಸುಪಾಸಿನ ಝೀನರ್ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಒಂದೆರಡು ಮಿಲಿವೋಲ್ಟ್ ಏರುತ್ತದೆ. ಸಾಮಾನ್ಯ ಡಯೋಡ್ ಪ್ರತಿ ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟ್ ಇಳಿಯುತ್ತದೆ. ಎರಡನ್ನೂ ಒಂದೇ ಕವಚದಲ್ಲಿ ಸಾಲಾಗಿ ಇಟ್ಟರೆ 6.2 ವೋಲ್ಟಿನ, ತಾಪಕ್ಕೆ ಬಗ್ಗದ ರೆಫರೆನ್ಸ್ ಆಗುತ್ತದೆ. 1ಎನ್829 ಎಂಬುದು ಇದೇ. ಆಮೇಲೆ ನ್ಯಾಷನಲ್ ಸೆಮಿಕಂಡಕ್ಟರಿನ ರಾಬರ್ಟ್ ಡಾಬ್ಕಿನ್ 1970ರ ದಶಕದಲ್ಲಿ ಎಲ್‌ಎಂ399 ರೂಪಿಸಿದಾಗ ಎರಡು ಹೊಸ ಸಂಗತಿಗಳನ್ನು ತಂದರು. ಸಿಲಿಕಾನಿನ ಮೇಲ್ಮೈಯಲ್ಲಿ ಕೊಳೆ, ತೇವ, ಆಕ್ಸೈಡಿನ ವಿದ್ಯುದಂಶ ಎಲ್ಲವೂ ಝೀನರನ್ನು ಕಾಡುತ್ತವೆ. ಅದಕ್ಕಾಗಿ ಝೀನರನ್ನು ಮೇಲ್ಮೈಯ ಕೆಳಗೆ ಹೂತರು. ಇನ್ನೊಂದು, ಚಿಪ್ಪಿನ ಮೇಲೆಯೇ ಒಂದು ಪುಟ್ಟ ಹೀಟರ್ ಇಟ್ಟು ಹೊರಗೆ ಚಳಿಯಿರಲಿ ಬಿಸಿಲಿರಲಿ ಒಳಗಿನ ತಾಪ ಒಂದೇ ಇರುವಂತೆ ಮಾಡಿದರು. ಬದಲಾವಣೆ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಅರ್ಧ ಪಾಲಿನ ಮಟ್ಟಕ್ಕೆ ಇಳಿಯಿತು. ಅವರೇ ಮುಂದೆ ಲೀನಿಯರ್ ಟೆಕ್ನಾಲಜಿಯಲ್ಲಿ ಮಾಡಿದ ಎಲ್‌ಟಿಝಡ್1000, 1989ರಲ್ಲಿ ಬಂದ ಎಚ್‌ಪಿ 3458ಎ ಎಂಬ ಎಂಟೂವರೆ ಅಂಕಿಯ ಮೀಟರಿನ ಹೃದಯ.

ಎರಡನೆಯದು ಬ್ಯಾಂಡ್‌ಗ್ಯಾಪ್. ಇದರ ಕಲ್ಪನೆಯನ್ನು ಫೇರ್‌ಚೈಲ್ಡಿನ ಡೇವಿಡ್ ಹಿಲ್ಬಿಬರ್ 1964ರಲ್ಲಿ ಮುಂದಿಟ್ಟರು, ವಿಡ್ಲರ್ 1971ರಲ್ಲಿ ಚಿಪ್ಪಾಗಿ ತಂದರು, ಅನಲಾಗ್ ಡಿವೈಸಸ್ಸಿನ ಪಾಲ್ ಬ್ರೋಕಾ 1974ರಲ್ಲಿ ಎಡಿ580 ಮೂಲಕ ಅದಕ್ಕೆ ಇನ್ನಷ್ಟು ಸುಂದರವಾದ ರೂಪ ಕೊಟ್ಟರು. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಬಿಸಿಗೆ ಇಳಿಯುತ್ತದೆ. ಆದರೆ ಬೇರೆ ಬೇರೆ ಸಾಂದ್ರತೆಯಲ್ಲಿ ವಿದ್ಯುತ್ ಹರಿಯುವ ಎರಡು ಟ್ರಾನ್ಸಿಸ್ಟರುಗಳ ಆ ವೋಲ್ಟೇಜುಗಳ ವ್ಯತ್ಯಾಸ ಬಿಸಿಗೆ ಏರುತ್ತದೆ. ಹತ್ತು ಪಟ್ಟು ಸಾಂದ್ರತೆಗೆ ಆ ವ್ಯತ್ಯಾಸ ಕೋಣೆಯ ತಾಪದಲ್ಲಿ ಸುಮಾರು 60 ಮಿಲಿವೋಲ್ಟ್, ಏರಿಕೆ ಪ್ರತಿ ಡಿಗ್ರಿಗೆ 0.2 ಮಿಲಿವೋಲ್ಟ್. ಅದನ್ನು ಹತ್ತರಷ್ಟು ವರ್ಧಿಸಿ ಮೊದಲನೆಯದಕ್ಕೆ ಕೂಡಿಸಿದರೆ ಏರಿಕೆ ಇಳಿಕೆಗಳು ಸರಿಹೋಗಿ 1.2 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆಚ್ಚು ನಿಖರತೆಗೆ ಹೂತಿಟ್ಟ ಝೀನರೇ ಮೇಲು, ಕಡಿಮೆ ವೋಲ್ಟೇಜಿನಲ್ಲಿ ಎಲ್ಲರ ಕೈಗೆಟುಕುವಂತೆ ಮಾಡಿದ್ದು ಬ್ಯಾಂಡ್‌ಗ್ಯಾಪ್.

ರೆಸಿಸ್ಟರ್ ಕಡೆಗೂ ಒಂದು ಹೆಸರು ಉಳಿದಿದೆ. ಫೆಲಿಕ್ಸ್ ಝಾಂಡ್‌ಮನ್ ಆಗ ಪೋಲೆಂಡಿಗೆ ಸೇರಿದ್ದ ಗ್ರೋಡ್ನೊ ಪಟ್ಟಣದಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಲದಲ್ಲಿ ಒಬ್ಬ ಕ್ರೈಸ್ತ ಮಹಿಳೆಯ ಮನೆಯ ನೆಲದಡಿಯ ಗುಂಡಿಯಲ್ಲಿ ಹದಿನೇಳು ತಿಂಗಳು ಅಡಗಿ ಬದುಕುಳಿದರು. ಫ್ರಾನ್ಸಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ, 1962ರಲ್ಲಿ ಸ್ಥಾಪಿಸಿದ ಕಂಪನಿಗೆ ವಿಷೇ ಎಂದು ಹೆಸರಿಟ್ಟರು. ಅದು ಅವರ ಬಂಧುಗಳು ಕೊಲೆಯಾದ ಲಿಥುವೇನಿಯಾದ ಹಳ್ಳಿಯ ಹೆಸರು. ವಸ್ತುಗಳೊಳಗಿನ ಒತ್ತಡವನ್ನು ಅಳೆಯುವುದು ಅವರ ವಿದ್ಯೆಯಾಗಿತ್ತು. ನಿಕ್ಕಲ್-ಕ್ರೋಮಿಯಂ ತೆಳುಹಾಳೆಯನ್ನು ಪಿಂಗಾಣಿಯ ತುಂಡಿಗೆ ಅಂಟಿಸಿದರು. ಬಿಸಿಯಾದಾಗ ಹಾಳೆಯ ರೋಧ ಏರಬೇಕು. ಆದರೆ ಪಿಂಗಾಣಿ ಹಾಳೆಯಷ್ಟು ಹಿಗ್ಗದೆ ಅದನ್ನು ಹಿಡಿದು ಅದುಮುವುದರಿಂದ ಆ ಒತ್ತಡಕ್ಕೆ ರೋಧ ಇಳಿಯುತ್ತದೆ. ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಕಳೆಯುತ್ತವೆ. ಅಣ್ಣನವರ ಸ್ಟ್ರೇನ್ ಗೇಜು ಯಾವ ಗುಣದಿಂದ ತೂಗುತ್ತದೆಯೋ ಅದೇ ಗುಣವನ್ನು ಇವರು ತೂಕ ತಪ್ಪದಂತೆ ಕಾಯುವುದಕ್ಕೆ ಬಳಸಿದರು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಮದ್ದೂರುದಾರಿ (ಮಂಡ್ಯ)

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಒಳ್ಳೆಯ ತೂಕದ ಇಂಡಿಕೇಟರಿನಲ್ಲಿ ಸೆಲ್ಲಿಗೆ ಹೋಗುವ ಹತ್ತು ವೋಲ್ಟನ್ನೇ ಎಡಿಸಿಯ ರೆಫರೆನ್ಸಾಗಿಯೂ ಕೊಡುತ್ತಾರೆ. ಹತ್ತು ವೋಲ್ಟ್ ಕುಸಿದರೆ ಸಿಗ್ನಲ್ಲೂ ಅಷ್ಟೇ ಕುಸಿಯುತ್ತದೆ, ಅಳೆಯುವ ಗಜಕಡ್ಡಿಯೂ ಅಷ್ಟೇ ಕುಗ್ಗುತ್ತದೆ, ತೂಕ ಬದಲಾಗುವುದಿಲ್ಲ. ದುಬಾರಿ ರೆಫರೆನ್ಸ್ ಅಲ್ಲಿ ಬೇಕಿಲ್ಲ. ಅಷ್ಟರಮಟ್ಟಿಗೆ ಆ ತಮ್ಮನ ಮಾತೂ ನಿಜ.

ಹಳೇಪ್ರಯೋಗಾಲಯ (ಶ್ರೀರಂಗಪಟ್ಟಣ)

ನಿಜ. ಆದರೆ ಒಂದನ್ನೊಂದು ಕಳೆಯುವುದರಿಂದಲೇ ಎಲ್ಲವೂ ಆಗುತ್ತದೆ ಎಂದು ನಾನು ಮೊದಲು ಬರೆದದ್ದು ಪೂರ್ತಿ ಅಲ್ಲವೆಂದು ಈಗ ಅನ್ನಿಸುತ್ತಿದೆ. ಕಾಲದ ಜೊತೆಗಿನ ಬದಲಾವಣೆಗೆ ಎದುರುದೋಷ ಸಿಗುವುದಿಲ್ಲ, ಅದಕ್ಕೆ ಮದ್ದು ವಿಶ್ರಾಂತಿ ಮತ್ತು ಮುಚ್ಚಿದ ಮನೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಜೇಮ್ಸ್ ಥಾಮಸ್ 1930ರ ದಶಕದಲ್ಲಿ ಒಂದು ಓಮಿನ ಮಾನಕವನ್ನು ಮಾಡಿದಾಗ ಮ್ಯಾಂಗನಿನ್ ಸುರುಳಿಯನ್ನು ಹೆಚ್ಚಿನ ತಾಪದಲ್ಲಿ ಕಾಯಿಸಿ, ಸುತ್ತುವಾಗ ತಂತಿಯೊಳಗೆ ಸೇರಿದ ಬಿಗುವನ್ನೆಲ್ಲ ಬಿಡಿಸಿ, ಗಾಳಿಯಾಡದ ಜೋಡಿಗೋಡೆಯ ಡಬ್ಬಿಯಲ್ಲಿ ಮುಚ್ಚಿದರು. ದಶಕಗಳವರೆಗೆ ದೇಶದೇಶಗಳ ಪ್ರಯೋಗಾಲಯಗಳು ಅದನ್ನು ನಂಬಿದವು. ಮಂಡ್ಯದವರ ಗ್ಯಾಸ್ಕೆಟ್ಟೂ ಈ ಜಾತಿಯದೇ. ಕೊನೆಗೆ ವಸ್ತುವಿನ ಹಂಗನ್ನೇ ಬಿಡಿಸಿದ್ದು ಕ್ವಾಂಟಂ ವಿದ್ಯಮಾನಗಳು: ಜೋಸೆಫ್‌ಸನ್ 1962ರಲ್ಲಿ ಊಹಿಸಿದ ಪರಿಣಾಮದಿಂದ ವೋಲ್ಟ್, ಕ್ಲೌಸ್ ಫಾನ್ ಕ್ಲಿಟ್ಜಿಂಗ್ 1980ರಲ್ಲಿ ಕಂಡ ಪರಿಣಾಮದಿಂದ 25,812.807 ಓಮ್. 1990ರಿಂದ ಮಾನಕಗಳು ಇವುಗಳ ಮೇಲೆ ನಿಂತಿವೆ, ನಮ್ಮ ದೇಶದಲ್ಲಿ ಆ ಹೊಣೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು.

ಕುಕ್ಕರಹಳ್ಳಿದಂಡೆ (ಮೈಸೂರು)

ಕೇಳಿದ್ದಕ್ಕಿಂತ ಹತ್ತರಷ್ಟು ಸಿಕ್ಕಿತು, ಎಲ್ಲರಿಗೂ ಕೃತಜ್ಞ. ನಿನ್ನೆ ಬಿರಡೆಗಳನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಎಲ್ಲ ಸುರುಳಿಗಳನ್ನೂ ಮತ್ತೆ ಅಳೆದೆ. 1 ಓಮ್ ಸುರುಳಿ ಮೊದಲು 1.3 ತೋರಿಸಿತ್ತು, ಅದು ಮೀಟರಿನ ವೈರುಗಳದೇ ರೋಧ. ನೂರು ಮಿಲಿ ಆಂಪಿಯರ್ ಹರಿಸಿ ಬೇರೆ ಎರಡು ವೈರುಗಳಿಂದ ವೋಲ್ಟೇಜ್ ನೋಡಿದಾಗ 100.1 ಮಿಲಿವೋಲ್ಟ್ ಬಂತು. ಹದಿನೈದು ಸುರುಳಿಗಳು ಸರಿಯಾಗಿವೆ. 5000 ಓಮಿನದು ಮಾತ್ರ ಕಡಿದಿದೆ: ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು ಹಿಡಿದು ತಂತಿಯ ತುದಿ ಬಿಟ್ಟುಕೊಂಡಿದೆ. ತುದಿಯನ್ನು ಸ್ವಲ್ಪ ಕತ್ತರಿಸಿ, ಕೆರೆದು ಬೆಸೆಯಬಹುದೇ?

ಹಳೇಪ್ರಯೋಗಾಲಯ (ಶ್ರೀರಂಗಪಟ್ಟಣ)

ದಯವಿಟ್ಟು ಕತ್ತರಿಸಬೇಡಿ. ಆ ತಂತಿ 0.1 ಮಿಲಿಮೀಟರ್ ದಪ್ಪದ್ದಿದ್ದರೆ ಪ್ರತಿ ಸೆಂಟಿಮೀಟರಿಗೆ 0.6 ಓಮ್ ಇರುತ್ತದೆ. ಒಂದು ಸೆಂಟಿಮೀಟರ್ ಹೋದರೆ 5000 ಎಂಬುದು 4999.4 ಆಗುತ್ತದೆ. ಮರಳು ಕಾಗದದಿಂದ ಉಜ್ಜಲೂಬೇಡಿ, ತಂತಿ ತೆಳುವಾದರೆ ರೋಧ ಏರುತ್ತದೆ. ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ತೆಗೆದುಕೊಂಡು ನಮ್ಮ ಮನೆಗೆ ಬನ್ನಿ. ಭೂತಗನ್ನಡಿ, ಸಣ್ಣ ಮೂತಿಯ ಸಾಲ್ಡರಿಂಗ್ ಐರನ್ ಎರಡೂ ಇವೆ. ಮೇಜಿನ ಡ್ರಾಯರಿನಲ್ಲಿ ಹಳೆಯ ಬಿರಡೆಗಳೂ ನಾಲ್ಕಾರು ಉಳಿದಿವೆ. ಕುಳಿಗೆ ಕೂರುತ್ತವೆಯೋ ಇಲ್ಲವೋ ನೋಡೋಣ.

ಸೆನೆಟ್‌ಹೌಸ್ ಹಿಂದೆ (ಮೈಸೂರು)

ಸರ್, ಅಭ್ಯಂತರವಿಲ್ಲದಿದ್ದರೆ ನಾನೂ ಬರುತ್ತೇನೆ. ನಮ್ಮ ವಿಭಾಗದಲ್ಲಿ ನಾಲ್ಕು ವೈರಿನಲ್ಲಿ ರೋಧ ಅಳೆಯುವ ಆರೂವರೆ ಅಂಕಿಯ ಮೀಟರ್ ಇದೆ. ಅನುಮತಿ ಸಿಕ್ಕರೆ ಸೋಮವಾರ ಆ ಸುರುಳಿಯನ್ನು ಅದರಲ್ಲಿ ಅಳೆದು ಇಲ್ಲಿ ಬರೆಯುತ್ತೇನೆ.